ವರ್ಷನ್ ನಂಬರ್ ಏರಿಸಿಬಿಟ್ರೆ ಸಾಕಲ್ವಾ ಸರ್?

ಪ್ರಶ್ನೆ: ಸರ್, ನಾನು ಬೆಂಗಳೂರಲ್ಲಿ ಟೆಲಿಕಾಂ ಪ್ರಾಡಕ್ಟ್ ಮಾಡೋ ಒಂದು ಟೀಮಲ್ಲಿದೀನಿ. ನಮ್ಮ ನೋಡ್‌ಗಳ (ನೆಟ್‌ವರ್ಕಲ್ಲಿರೋ ಯಂತ್ರಗಳ) ನಡುವಿನ ಸಿಗ್ನಲಿಂಗ್ ಸ್ಪೆಕ್, ಅಂದ್ರೆ ಕಾಲ್ ಜೋಡಿಸೋಕೆ ಅವು ಮಾತಾಡೋ ನಿಯಮ, ರಿವೈಸ್ ಆಗ್ತಿದೆ. ಕಾಲ್ ಸೆಟಪ್ ಮೆಸೇಜಿಗೆ ಒಂದು ಹೊಸ ಮ್ಯಾಂಡೇಟರಿ ಫೀಲ್ಡ್ ಸೇರಿಸಿ ವರ್ಷನ್ 1 ಇದ್ದಿದ್ದನ್ನ 2 ಮಾಡೋಣ ಅಂತ ಪ್ರಪೋಸಲ್ ಕೊಟ್ಟೆ. ಸೀನಿಯರ್ ಒಬ್ರು "ಬ್ಯಾಕ್‌ವರ್ಡ್ ಕಂಪ್ಯಾಟಿಬಲ್ ಅಲ್ಲ" (ಹಳೇದರ ಜೊತೆ ಹೊಂದಲ್ಲ) ಅಂತ ಒಂದೇ ಸಾಲು ಬರೆದು ವಾಪಸ್ ಕಳಿಸಿದ್ರು. ಹಳೇ ನೋಡ್ ವರ್ಷನ್ 2 ನೋಡಿದ ತಕ್ಷಣ ನನಗಿದು ಬರಲ್ಲ ಅಂತ ಹೇಳಿಬಿಡುತ್ತಲ್ಲ, ಅಷ್ಟು ಸಾಲದಾ? ಒಂದು ಬದಲಾವಣೆ ಕಂಪ್ಯಾಟಿಬಲ್ ಹೌದೋ ಅಲ್ವೋ ಅಂತ ಹೇಗೆ ತೀರ್ಮಾನ ಮಾಡೋದು?

ಉತ್ತರ: ನಿಮ್ಮ ಸೀನಿಯರ್ ಹೇಳಿದ್ದು ಸರಿ. ಒಂದೇ ಸಾಲು ಬರೆದು ಕೈತೊಳ್ಕೊಂಡಿದ್ದು ಸರಿಯಲ್ಲ, ಯಾಕಂದ್ರೆ ನೀವು ಕೇಳಿರೋದು ಈ ಫೀಲ್ಡಿಗೆ ಬಂದ ಎಲ್ರೂ ಮೊದಲ ವರ್ಷ ಕೇಳೋ ಪ್ರಶ್ನೆ, ಅದಕ್ಕೆ ನೆಟ್ಟಗೆ ಉತ್ತರ ಕೊಡೋರು ಕಮ್ಮಿ.

ಮೊದಲು "ನನಗಿದು ಬರಲ್ಲ ಅಂತ ಹೇಳಿಬಿಡುತ್ತಲ್ಲ" ಅನ್ನೋ ಮಾತು ತಗೊಳ್ಳೋಣ. ವೆಬ್‌ಸೈಟಲ್ಲಿ ಹಾಗೆ ಹೇಳಿದ್ರೆ ಬಳಸೋರು ಆ್ಯಪ್ ಅಪ್‌ಡೇಟ್ ಮಾಡ್ಕೋತಾರೆ. ಇಲ್ಲಿ ಹಾಗೆ ಹೇಳಿದ್ರೆ ಕಾಲ್ ಕಟ್ ಆಗುತ್ತೆ, ಅಷ್ಟೆ. ಕಾಲ್ ಮಾಡಿದವರಿಗೆ ಯಾವ ವರ್ಷನ್ನೂ ಗೊತ್ತಿಲ್ಲ, ಅವರಿಗೆ ಕೇಳಿಸೋದು ಟೊಂಯ್ ಟೊಂಯ್ ಟೋನು. ಅದೂ ಅಲ್ಲದೆ ಬರಲ್ಲ ಅಂತ ಹೇಳೋ ನೋಡ್ ನಿಮ್ಮದೇ ಆಗಿರಬೇಕು ಅಂತೇನಿಲ್ಲ. ಕಾಲ್ ಸೆಟಪ್ ಮೆಸೇಜು ಎಕ್ಸ್‌ಚೇಂಜಿಂದ ಎಕ್ಸ್‌ಚೇಂಜಿಗೆ ದಾಟಿಕೊಂಡು ಹೋಗುತ್ತೆ, ಮೊದಲನೇದು ನಿಮ್ಮದು, ಕೊನೇದೂ ನಿಮ್ಮದೇ ಇರಬಹುದು, ನಡುವೆ ಇರೋ ಎರಡು ಮೂರು ಬೇರೆ ಆಪರೇಟರದ್ದು, ಬೇರೆ ವೆಂಡರದ್ದು, ಹದಿನೈದು ವರ್ಷದ ಹಿಂದೆ ಹಾಕಿದ್ದು, ಅದನ್ನ ಅಪ್‌ಗ್ರೇಡ್ ಮಾಡಿ ಅಂತ ಹೇಳೋಕೆ ನಿಮಗೆ ಯಾವ ಅಧಿಕಾರವೂ ಇಲ್ಲ. ವರ್ಷನ್ ನಂಬರ್ ಪಕ್ಕದ ನೋಡಿಗೆ ನೀವು ಯಾರು ಅಂತ ಹೇಳುತ್ತೆ ಹೊರತು, ಅದಕ್ಕೆ ಗೊತ್ತಿಲ್ಲದ ವಸ್ತು ಕೈಗೆ ಬಂದಾಗ ಏನು ಮಾಡಬೇಕು ಅಂತ ಹೇಳಲ್ಲ. ನಿಜವಾಗಿ ಬೇಕಾಗಿರೋದು ಈ ಎರಡನೇದು.

ಮ್ಯಾಂಡೇಟರಿ ಫೀಲ್ಡ್ ಸೇರಿಸಿದ್ರೆ ಏನಾಗುತ್ತೆ ಅನ್ನೋದನ್ನ ಬೈಟ್ ಮಟ್ಟದಲ್ಲೇ ನೋಡಿಬಿಡೋಣ, ಇದು ಕಣ್ಣಾರೆ ಕಂಡ್ರೆ ಮಾತ್ರ ತಲೆಗೆ ಹೋಗೋದು. ಟೆಲಿಫೋನ್ ಎಕ್ಸ್‌ಚೇಂಜ್‌ಗಳು ಮಾತಾಡೋ ಎಸ್‌ಎಸ್7 ನಿಯಮಗಳಲ್ಲಿ ಕಾಲ್ ಜೋಡಿಸೋ ಭಾಗ ಐಎಸ್‌ಯುಪಿ ತಗೊಳ್ಳಿ, ಅದರಲ್ಲಿ ಕಾಲ್ ಶುರು ಮಾಡೋ ಮೆಸೇಜು ಐಎಎಂ. ಮೊದಲು ಮೆಸೇಜ್ ಟೈಪ್, 01. ಆಮೇಲೆ ಮ್ಯಾಂಡೇಟರಿ ಫಿಕ್ಸೆಡ್ ಭಾಗ: ಕನೆಕ್ಷನ್ ಬಗ್ಗೆ ಒಂದು ಬೈಟು, ಫಾರ್ವರ್ಡ್ ಕಾಲ್ ಇಂಡಿಕೇಟರ್ ಎರಡು ಬೈಟು, ಕಾಲ್ ಮಾಡಿದವರ ಕೆಟಗರಿ ಒಂದು, ಟ್ರಾನ್ಸ್‌ಮಿಷನ್ ಮೀಡಿಯಂ ಒಂದು. ಇವಕ್ಕೆ ಹೆಸರೂ ಇಲ್ಲ, ಉದ್ದಾನೂ ಬರೆದಿರಲ್ಲ, ಜಾಗವೇ ಗುರುತು. ಅದಾದ ಮೇಲೆ ಎರಡು ಪಾಯಿಂಟರ್: ಒಂದು ಕಾಲ್ ಹೋಗಬೇಕಾದ ನಂಬರ್ ಎಲ್ಲಿದೆ ಅಂತ ಹೇಳುತ್ತೆ, ಸಾಮಾನ್ಯವಾಗಿ 02, ಅಂದ್ರೆ ಇಲ್ಲಿಂದ ಎರಡು ಬೈಟ್ ಮುಂದೆ. ಇನ್ನೊಂದು ಆಪ್ಷನಲ್ ಭಾಗ ಎಲ್ಲಿದೆ ಅಂತ.

ಈಗ ಮೀಡಿಯಂ ಬೈಟ್ ಆದ ಮೇಲೆ ನಿಮ್ಮ ಹೊಸ ಮ್ಯಾಂಡೇಟರಿ ಬೈಟು, ಅದರ ಬೆಲೆ 05, ತುರುಕಿದ್ರಿ ಅಂತಿಟ್ಕೊಳ್ಳಿ. ಹಳೇ ಎಕ್ಸ್‌ಚೇಂಜಿಗೆ ಆ ಜಾಗದಲ್ಲಿರೋದು ಪಾಯಿಂಟರು. ಅದು ಐದು ಬೈಟ್ ಮುಂದೆ ಹಾರುತ್ತೆ, ನಂಬರಿನ ಉದ್ದ ಇರೋ ಬೈಟ್ ದಾಟಿ, ನಂಬರಿಂಗ್ ಪ್ಲಾನ್ ಹೇಳೋ ಬೈಟ್ ಮೇಲೆ ಹೋಗಿ ಬೀಳುತ್ತೆ. ಅಲ್ಲಿ ಹೆಕ್ಸಲ್ಲಿ (16ರ ಆಧಾರದ ಲೆಕ್ಕದಲ್ಲಿ) 10 ಇದ್ರೆ ಓಹೋ ನಂಬರಿನ ಉದ್ದ 16 ಬೈಟು ಅಂದ್ಕೊಂಡು ಅಲ್ಲಿಂದ 16 ಬೈಟ್ ನಂಬರ್ ಅಂತ ಓದುತ್ತೆ. ಜೊತೆಗೆ ನಿಮ್ಮ ನಿಜವಾದ ಪಾಯಿಂಟರ್ 02ನ ಆಪ್ಷನಲ್ ಭಾಗದ ಪಾಯಿಂಟರ್ ಅಂದ್ಕೊಂಡು, ನಂಬರಿನ ಉದ್ದವನ್ನೇ ಯಾವುದೋ ಪ್ಯಾರಾಮೀಟರಿನ (ಫೀಲ್ಡಿನ) ಹೆಸರು ಅಂತ ತಿಳ್ಕೊಳ್ಳುತ್ತೆ. ಗಮನಿಸಿ, ಇಲ್ಲಿ ಎರರ್ ಬಂದ್ರೆ ನಿಮ್ಮ ಪುಣ್ಯ. ಎರರ್ ಬರದೆ ಕಾಲ್ ಇನ್ನೆಲ್ಲಿಗೋ ಹೋಗೋ ಸಾಧ್ಯತೆನೂ ಇದೆ. ಐಎಸ್‌ಯುಪಿ ಮೆಸೇಜಲ್ಲಿ ವರ್ಷನ್ ಫೀಲ್ಡೇ ಇಲ್ಲ, ಇದ್ದಿದ್ರೂ ಅದನ್ನ ಓದಿ ಬುದ್ಧಿವಂತಿಕೆಯಿಂದ ನಡ್ಕೊಳ್ಳೋ ಕೋಡು ಆ ಹಳೇ ಎಕ್ಸ್‌ಚೇಂಜಲ್ಲಿ ಮೊದಲೇ ಬರೆದಿರಬೇಕಿತ್ತು.

ಇದು ಬರೀ ಕಲ್ಪನೆ ಅಲ್ಲ. ಅಮೆರಿಕದ ಆನ್ಸಿ ಸಂಸ್ಥೆಯ ಐಎಸ್‌ಯುಪಿ ಮತ್ತು ಅಂತರರಾಷ್ಟ್ರೀಯ ಟೆಲಿಕಾಂ ಸಂಸ್ಥೆ ಐಟಿಯುವಿನ ಐಎಸ್‌ಯುಪಿ ಎರಡರ ಐಎಎಂಗೂ ಟೈಪ್ ನಂಬರ್ ಒಂದೇ, 01, ಆದ್ರೆ ಮ್ಯಾಂಡೇಟರಿ ಭಾಗ ಬೇರೆ ಬೇರೆ, ಅದಕ್ಕೇ ಒಂದರ ಮೆಸೇಜನ್ನ ಇನ್ನೊಂದಕ್ಕೆ ನೇರವಾಗಿ ತಳ್ಳೋಕಾಗಲ್ಲ, ನಡುವೆ ಗೇಟ್‌ವೇ ಕೂತು ಬಿಚ್ಚಿ ಮತ್ತೆ ಕಟ್ಟಬೇಕು. ಹಾಗಾಗಿ ಐಟಿಯು ನಿಯಮ ಬಹಳ ಕಟ್ಟುನಿಟ್ಟು: ಇರೋ ಮೆಸೇಜಿನ ಮ್ಯಾಂಡೇಟರಿ ಭಾಗಕ್ಕೆ ಏನನ್ನೂ ಸೇರಿಸಬೇಡ, ಫಿಕ್ಸೆಡ್ ಭಾಗದ ಕ್ರಮ ಬದಲಾಯಿಸಬೇಡ, ಇರೋದರ ಅರ್ಥ ಬದಲಾಯಿಸಬೇಡ, ಮ್ಯಾಂಡೇಟರಿ ಬೇಕೇ ಬೇಕು ಅಂದ್ರೆ ಹೊಸ ಮೆಸೇಜನ್ನೇ ಮಾಡು.

ಸರಿ, ಆಪ್ಷನಲ್ ಆಗಿ ಸೇರಿಸಿದ್ರೆ ಎಲ್ಲ ಮುಗೀತಾ? ಇಲ್ಲ. ಆಪ್ಷನಲ್ ಭಾಗದಲ್ಲಿ ಹೆಸರು, ಉದ್ದ, ವಿಷಯ ಮೂರೂ ಇರೋದ್ರಿಂದ ಹಳೇ ನೋಡು ಗೊತ್ತಿಲ್ಲದ್ದನ್ನ ದಾಟಿ ಮುಂದೆ ಓದಬಹುದು, ಅಷ್ಟರ ಮಟ್ಟಿಗೆ ಸಲೀಸು. ಆದ್ರೆ ದಾಟಿದ ಮೇಲೆ ಅದನ್ನ ಏನು ಮಾಡಬೇಕು? ಎಸೀಬೇಕಾ, ಮುಂದಿನ ಎಕ್ಸ್‌ಚೇಂಜಿಗೆ ಹಾಗೇ ದಾಟಿಸಬೇಕಾ, ಕಳಿಸಿದವರಿಗೆ ತಿಳಿಸಬೇಕಾ, ಕಾಲ್ ಕಟ್ ಮಾಡಬೇಕಾ? 1988ರ ಬ್ಲೂ ಬುಕ್ (ಆಗಿನ ಸ್ಪೆಕ್ ಸಂಪುಟ) ಕಾಲದ ಐಎಸ್‌ಯುಪಿಯಲ್ಲಿ ಕಳಿಸೋರಿಗೆ ಇದನ್ನ ಹೇಳೋ ದಾರಿನೇ ಇರಲಿಲ್ಲ. ಐಎಸ್‌ಯುಪಿ 92 ಅಂತ ಕರೆಯೋ ರಿವಿಷನಲ್ಲಿ ಅದನ್ನ ಸರಿ ಮಾಡಿದ್ರು, ನನ್ನ ಪ್ರಕಾರ ಸಿಗ್ನಲಿಂಗ್ ಇತಿಹಾಸದಲ್ಲೇ ಇದಕ್ಕಿಂತ ಅಚ್ಚುಕಟ್ಟಾದ ಕೆಲಸ ಕಮ್ಮಿ. ಬಸ್ಸಲ್ಲಿ ಪಾರ್ಸಲ್ ಹಾಕೋವಾಗ "ಯಾರೂ ಬರದಿದ್ರೆ ಮುಂದಿನ ಸ್ಟ್ಯಾಂಡಲ್ಲಿ ಕೊಡಿ" ಅಂತ ಮೇಲೆ ಬರೀತೀವಲ್ಲ, ಹಾಗೆ ಪ್ರತಿ ಹೊಸ ಪ್ಯಾರಾಮೀಟರ್ ಜೊತೆ ಅದು ಅರ್ಥವಾಗದವರು ಏನು ಮಾಡಬೇಕು ಅನ್ನೋ ಸೂಚನೆನೂ ಅದೇ ಮೆಸೇಜಲ್ಲಿ ಹೋಗುತ್ತೆ. ಆ ಸೂಚನೆ ಹೊರೋ ಪ್ಯಾರಾಮೀಟರ್ ಕೋಡು ಹೆಕ್ಸ್ 39.

ಹಾಪ್ ಕೌಂಟರ್ ಉದಾಹರಣೆ ತಗೊಳ್ಳಿ. ಕಾಲ್ ಎಕ್ಸ್‌ಚೇಂಜ್‌ಗಳ ನಡುವೆ ಸುತ್ತು ಹೊಡೀತಾ ಟ್ರಂಕೆಲ್ಲಾ (ಅವುಗಳ ನಡುವಿನ ಲೈನೆಲ್ಲಾ) ತುಂಬದಿರಲಿ ಅಂತ ಆಮೇಲಿನ ರಿವಿಷನಲ್ಲಿ ಬಂದ ಪ್ಯಾರಾಮೀಟರ್ ಅದು, ಪ್ರತಿ ಎಕ್ಸ್‌ಚೇಂಜೂ ಒಂದು ಕಳೀತಾ ಹೋಗಬೇಕು, ಸೊನ್ನೆ ಆದ್ರೆ ಕಾಲ್ ಮುಗಿಸಬೇಕು. ಐಎಎಂ ಆಪ್ಷನಲ್ ಭಾಗದಲ್ಲಿ 3ಡಿ 01 0ಎಫ್ ಅಂತಿದ್ರೆ ಕೌಂಟರ್ 15 ಅಂತ ಅರ್ಥ. ಅದರ ಹಿಂದೆ 39 02 3ಡಿ ಸಿ0 ಅಂತ ಇಟ್ರೆ, 3ಡಿ ಅನ್ನೋ ಪ್ಯಾರಾಮೀಟರಿಗೆ ಸೂಚನೆ ಸಿ0. ಸಿ0ನ ಬಿಟ್ ಬಿಡಿಸಿ ನೋಡಿ, 1100 0000. ಬಲಗಡೆಯಿಂದ ಓದಿದ್ರೆ: ನಡುವಿನ ಎಕ್ಸ್‌ಚೇಂಜಾದ್ರೆ ತಲೆ ಹಾಕಬೇಡ, ದಾಟಿಸು, ಕಾಲ್ ಕಟ್ ಮಾಡಬೇಡ, ಯಾರಿಗೂ ತಿಳಿಸಬೇಡ, ಮೆಸೇಜ್ ಎಸೀಬೇಡ, ಪ್ಯಾರಾಮೀಟರ್ ಎಸೀಬೇಡ, ಆಮೇಲಿನ ಎರಡು ಬಿಟ್‌ಗಳ ಅರ್ಥ, ಮುಂದಕ್ಕೆ ದಾಟಿಸೋಕೆ ಸಾಧ್ಯನೇ ಇಲ್ಲ ಅಂದ್ರೆ ಈ ಪ್ಯಾರಾಮೀಟರ್ ಮಾತ್ರ ಎಸೆ, ಕೊನೇ ಬಿಟ್‌ನ ಅರ್ಥ, ಸೂಚನೆ ಇಲ್ಲಿಗೆ ಮುಗೀತು. ಒಂದೇ ಬೈಟಲ್ಲಿ ಇಷ್ಟೂ ಬಂತು.

ಈಗ ಹಾಪ್ ಕೌಂಟರ್ ಅಂದ್ರೇನು ಅಂತಲೇ ಗೊತ್ತಿಲ್ಲದ ಎಕ್ಸ್‌ಚೇಂಜ್ ನಡುವೆ ಇದೆ ಅಂತಿಟ್ಕೊಳ್ಳಿ. ಅದು ಒಂದು ಕಳೆಯಲ್ಲ, ಆದ್ರೆ ಬೆಲೆಯನ್ನ ಹಾಗೇ ದಾಟಿಸುತ್ತೆ. ಸುತ್ತಿನಲ್ಲಿ ಕಳೆಯೋದು ಬರೋ ಎಕ್ಸ್‌ಚೇಂಜ್ ಒಂದೇ ಒಂದು ಇದ್ರೂ ಸಾಕು, ಸ್ವಲ್ಪ ತಡವಾಗಿ ಆದ್ರೂ ಕಾಲ್ ನಿಲ್ಲುತ್ತೆ. ಅದೇ ನೋಡು ಪ್ಯಾರಾಮೀಟರನ್ನ ಎಸೆದಿದ್ರೆ ಮುಂದಿನವರು ಮತ್ತೆ ಮೊದಲಿಂದ ಎಣಿಸೋಕೆ ಶುರು ಮಾಡ್ತಿದ್ರು, ಲೂಪ್ ಮುಗೀತಾನೇ ಇರಲಿಲ್ಲ. ಹಳೇ ನೋಡಿನ ಒಂದು ಸಾಲು ಕೋಡ್ ಮುಟ್ಟದೆ ಹೊಸ ಫೀಚರ್ ನಡೆಯೋ ಹಾಗೆ ಮಾಡೋದು ಅಂದ್ರೆ ಇದು. ಎಚ್ಚರಿಕೆ ಒಂದಿದೆ: 1988ರ ಎಕ್ಸ್‌ಚೇಂಜಿಗೆ 39 ಅಂದ್ರೇನು ಅಂತನೂ ಗೊತ್ತಿಲ್ಲ, ಸೂಚನೆ ಓದೋಕೂ ಬರಬೇಕಲ್ಲ. ಈ ಅನುಕೂಲ ಸಿಕ್ಕಿದ್ದು 92ರ ನಂತರದವಕ್ಕೆ ಮಾತ್ರ. ಹೊಸದನ್ನ ಹೇಗೆ ತಡ್ಕೊಳ್ಳಬೇಕು ಅನ್ನೋದನ್ನ ಹಳೇದು ಬರೆಯೋ ದಿನವೇ ಬರೆದಿರಬೇಕು, ಆಮೇಲೆ ಎಷ್ಟು ಬಡ್ಕೊಂಡ್ರೂ ಆಗಲ್ಲ.

ಹಾಗಾದ್ರೆ ವರ್ಷನ್ ನಂಬರ್ ಎಲ್ಲೂ ಕೆಲಸಕ್ಕೆ ಬರಲ್ವಾ ಅಂದ್ರೆ, ಬರುತ್ತೆ. ಮೊಬೈಲ್ ನೆಟ್‌ವರ್ಕಿನ ಮ್ಯಾಪ್ ಪ್ರೊಟೊಕಾಲ್ ನೋಡಿ. ನೀವು ರೋಮಿಂಗಲ್ಲಿದ್ದಾಗ ಅಲ್ಲಿನ ವಿಎಲ್‌ಆರ್ (ಬಂದ ಅತಿಥಿಗಳ ಪಟ್ಟಿ) ನಿಮ್ಮ ಊರಿನ ಎಚ್‌ಎಲ್‌ಆರ್ (ಸ್ವಂತ ಗ್ರಾಹಕರ ಪಟ್ಟಿ) ಜೊತೆ ಮಾತಾಡುತ್ತೆ, ಲೊಕೇಷನ್ ಅಪ್‌ಡೇಟ್ ಡೈಲಾಗ್ ಶುರು ಮಾಡೋವಾಗ 0.4.0.0.1.0.1.3 ಅಂತ ಒಂದು ಗುರುತು ಕಳಿಸುತ್ತೆ, ಕೊನೇ ಅಂಕಿ ವರ್ಷನ್ನು. ಎಚ್‌ಎಲ್‌ಆರಿಗೆ 3 ಬರಲ್ಲ ಅಂದ್ರೆ ಡೈಲಾಗ್ ಅಬಾರ್ಟ್ ಮಾಡುತ್ತೆ, ವಿಎಲ್‌ಆರ್ 2 ಹಾಕ್ಕೊಂಡು ಮತ್ತೆ ಬರುತ್ತೆ. ಇಲ್ಲಿ ಇದು ನಡೆಯೋಕೆ ಕಾರಣ ಎರಡು: ಮಾತಾಡೋರು ಇಬ್ಬರೇ, ನಡುವೆ ಮೆಸೇಜ್ ದಾಟಿಸೋ ಎಸ್‌ಟಿಪಿಗಳು ಒಳಗಿನ ವಿಷಯ ಓದಬೇಕಾಗಿಲ್ಲ, ಮತ್ತೆ ಒಂದು ಸಲ ಹೋಗಿ ಬಂದ್ರೆ ಫೋನ್ ರಿಜಿಸ್ಟರ್ ಆಗೋದು ಒಂಚೂರು ತಡ ಆಗುತ್ತೆ ಅಷ್ಟೆ, ಯಾರೂ ಗಮನಿಸಲ್ಲ. ನಿಮ್ಮ ಸ್ಪೆಕ್ಕಲ್ಲಿ ಈ ಎರಡೂ ನಿಜವಾಗಿದ್ರೆ ವರ್ಷನ್ ಹಾಕಿ, ನನ್ನ ಅಡ್ಡಿಯಿಲ್ಲ.

ನಡುವೆ ಕೂತವರು ಓದೋ ಹಾಗಿದ್ರೆ ಮಾತ್ರ ಕತೆ ಕೆಡುತ್ತೆ. ಟೆಲಿಕಾಂ ಅಲ್ಲದಿದ್ರೂ ವೆಬ್ ಕನೆಕ್ಷನ್ನಿಗೆ ಬೀಗ ಹಾಕೋ ಟಿಎಲ್‌ಎಸ್ 1.3 ನೆನಪಿಸ್ಕೊಳ್ಳಿ, 2018ರಲ್ಲಿ ಬಂತು, ಆದ್ರೆ ಮೆಸೇಜಿನ ಹಳೇ ವರ್ಷನ್ ಫೀಲ್ಡಲ್ಲಿ ಇವತ್ತಿಗೂ 1.2ನ ನಂಬರೇ ಹಾಕಬೇಕು, ನಿಜವಾದ ವರ್ಷನ್ ಒಂದು ಎಕ್ಸ್‌ಟೆನ್ಷನಲ್ಲಿ ಹೋಗುತ್ತೆ. ಕಾರಣ, ಗೊತ್ತಿಲ್ಲದ ನಂಬರ್ ಕಂಡ್ರೆ ಕನೆಕ್ಷನ್ನೇ ಕಿತ್ತಾಕೋ ಸರ್ವರು, ಬಾಕ್ಸುಗಳು ದಾರಿಯಲ್ಲಿ ತುಂಬಿದ್ವು. ವರ್ಷನ್ ಫೀಲ್ಡ್ ಇತ್ತು, ಬದಲಾಯಿಸೋ ಹಾಗಿರಲಿಲ್ಲ!

ಇಂಟರ್‌ನೆಟ್ ಮೇಲೆ ಕಾಲ್ ಜೋಡಿಸೋ ಪ್ರೊಟೊಕಾಲ್ ಎಸ್‌ಐಪಿಯಲ್ಲೂ ಅದೇ ಪಾಡು. ಅದರ ಸ್ಪೆಕ್‌ಗಳು 1999ರ ಆರ್‌ಎಫ್‌ಸಿ 2543, 2002ರ ಆರ್‌ಎಫ್‌ಸಿ 3261, ಎರಡರ ನಡುವೆ ಬೇಕಾದಷ್ಟು ಬದಲಾಯ್ತು, ಆದ್ರೆ ಎರಡೂ ಹೇಳ್ಕೊಳ್ಳೋದು ಎಸ್‌ಐಪಿ 2.0 ಅಂತಲೇ. ಹಾಗಿದ್ರೆ ಎದುರಿನವರು ಹೊಸಬರೋ ಹಳಬರೋ ಹೇಗೆ ಗೊತ್ತಾಗೋದು? ಮೆಸೇಜ್ ಬಂದ ದಾರಿ ಬರೆಯೋ ವಯಾ ಹೆಡರಿನ ಬ್ರಾಂಚ್ ಪ್ಯಾರಾಮೀಟರ್ ಶುರುವಲ್ಲಿ ಝಡ್9ಎಚ್‌ಜಿ4ಬಿಕೆ ಅಂತ ಏಳು ಅಕ್ಷರ ಹಾಕಬೇಕು ಅಂತ ಹೊಸ ಸ್ಪೆಕ್ ಹೇಳ್ತು. ಅರ್ಥ ಏನೂ ಇಲ್ಲ, ಹಳೇ ಫೋನು ಅಕಸ್ಮಾತ್ತಾಗಿ ಇದೇ ಏಳು ಅಕ್ಷರ ಬಳಸಲ್ಲ ಅನ್ನೋ ಧೈರ್ಯ ಅಷ್ಟೆ. ಅದು ಕಂಡ್ರೆ ಬ್ರಾಂಚ್ ನೋಡಿಯೇ ಟ್ರಾನ್ಸಾಕ್ಷನ್ ಹೊಂದಿಸಬಹುದು, ಕಾಣದಿದ್ರೆ ಹಳೇ ಪದ್ಧತಿಯಲ್ಲಿ ಕಾಲ್ ಐಡಿ, ಸಿಸೆಕ್, ಟ್ಯಾಗ್, ವಯಾ ಎಲ್ಲಾ ಒಂದೊಂದಾಗಿ ಹೋಲಿಸಬೇಕು. ಹಳೇ ಫೋನಿಗೆ ಅದೊಂದು ಸಾಮಾನ್ಯ ಸ್ಟ್ರಿಂಗು, ಏನೂ ತೊಂದರೆ ಇಲ್ಲ.

ಮೆಸೇಜ್ ಯಾವ ದಾರಿ ಹಿಡೀಬೇಕು ಅಂತ ಹೇಳೋ ಲೂಸ್ ರೂಟಿಂಗ್ ಕೂಡ ಅಂಥದ್ದೇ, ಪ್ರಾಕ್ಸಿ (ನಡುವೆ ಮೆಸೇಜ್ ದಾಟಿಸೋ ಸರ್ವರ್) ತನ್ನ ವಿಳಾಸದ ಕೊನೆಗೆ ಎಲ್‌ಆರ್ ಅಂತ ಸೇರಿಸಿದ್ರೆ ಹೊಸ ರೀತಿ, ಇಲ್ಲದಿದ್ರೆ ಹಳೇ ಸ್ಟ್ರಿಕ್ಟ್ ರೂಟಿಂಗ್ ಅಂತ ತಿಳ್ಕೊಂಡು ಅದಕ್ಕೆ ತಕ್ಕ ಹಾಗೆ ವಿಳಾಸಗಳನ್ನ ಅದಲು ಬದಲು ಮಾಡಬೇಕು. ಪೇಪರ್ ಮೇಲೆ ಚೆನ್ನಾಗಿದೆ. ಫೀಲ್ಡಲ್ಲಿ ನೋಡಿದ್ರೆ ಕೆಲವು ಫೋನುಗಳಿಗೆ ಸಮ ಚಿಹ್ನೆ ಇಲ್ಲದ ಬರೀ ಎಲ್‌ಆರ್ ಓದೋಕೆ ಬರ್ತಿರಲಿಲ್ಲ, ಅದಕ್ಕೇ ಕಮೈಲಿಯೊದಂಥ ಪ್ರಾಕ್ಸಿಯಲ್ಲಿ ಎಲ್‌ಆರ್=ಆನ್ ಅಂತ ಕಳಿಸೋಕೆ ಒಂದು ಸೆಟ್ಟಿಂಗೇ ಇಟ್ಟಿದಾರೆ. ಸ್ಪೆಕ್ ಬರೆದೋರ ಕಂಪ್ಯಾಟಿಬಿಲಿಟಿ ಬೇರೆ, ಪಾರ್ಸರ್ ಬರೆದೋರ ಕಂಪ್ಯಾಟಿಬಿಲಿಟಿ ಬೇರೆ, ಮರೀಬೇಡಿ.

ಎಸ್‌ಐಪಿಯಿಂದ ನೀವು ನೇರವಾಗಿ ಎತ್ಕೊಳ್ಳಬಹುದಾದ ವಿಷಯ ಇನ್ನೊಂದಿದೆ. ಹೊಸ ಫೀಚರ್ ಹೇಳೋಕೆ ಅಲ್ಲಿ ಎರಡು ಹೆಡರ್: ರಿಕ್ವೈರ್ ಮತ್ತು ಸಪೋರ್ಟೆಡ್. ರಿಕ್ವೈರಲ್ಲಿ 100ರೆಲ್ ಅನ್ನೋ ಫೀಚರಿನ ಹೆಸರು ಹಾಕಿದ್ರೆ, ಅದು ಬರದ ಹಳೇ ಫೋನು 420 ಬ್ಯಾಡ್ ಎಕ್ಸ್‌ಟೆನ್ಷನ್ ಅಂತ ಕಾಲ್ ತಿರಸ್ಕರಿಸುತ್ತೆ. ಸಪೋರ್ಟೆಡಲ್ಲಿ ಹಾಕಿದ್ರೆ ಬಂದ್ರೆ ಬಳಸುತ್ತೆ, ಇಲ್ಲ ಅಂದ್ರೆ ಸುಮ್ನೆ ಬಿಡುತ್ತೆ, ಕಾಲ್ ನಡೆಯುತ್ತೆ. ಎಲ್ಲದಕ್ಕೂ ರಿಕ್ವೈರ್ ಹಾಕೋದು ಹೊಸಬರ ಚಟ. ಆ ಫೀಚರ್ ಇಲ್ಲದೆ ಕಾಲ್ ಹೋಗೋದಕ್ಕಿಂತ ಕಾಲೇ ಹೋಗದಿರೋದು ವಾಸಿ ಅಂತ ಖಚಿತವಾಗಿ ಅನ್ನಿಸಿದಾಗ ಮಾತ್ರ ಹಾಕಬೇಕು. ಬಳಕೆದಾರರ ಪರಿಶೀಲನೆ, ಲೆಕ್ಕಕ್ಕೆ ಬಳಸೋ ಡಯಾಮೀಟರ್ ಪ್ರೊಟೊಕಾಲಲ್ಲಿ ಎವಿಪಿಗೆ (ಒಂದೊಂದು ಫೀಲ್ಡಿಗೆ) ಹಾಕೋ ಎಂ (ಮ್ಯಾಂಡೇಟರಿ) ಬಿಟ್ಟೂ ಇದೇ ಜಾತಿ, ಗೊತ್ತಿಲ್ಲದ ಎವಿಪಿಗೆ ಎಂ ಇದ್ರೆ 5001 ಅನ್ನೋ ಎರರ್ ವಾಪಸ್ ಬರುತ್ತೆ. ಟವರ್ ಮತ್ತು ಕೋರ್ ನೆಟ್‌ವರ್ಕ್ ಮಾತಾಡೋ 4ಜಿಯ ಎಸ್1ಎಪಿ, 5ಜಿಯ ಎನ್‌ಜಿಎಪಿಯಲ್ಲಿ ಪ್ರತಿ ಐಇಗೂ (ಫೀಲ್ಡಿಗೂ) ರಿಜೆಕ್ಟ್, ಇಗ್ನೋರ್, ನೋಟಿಫೈ ಅಂತ ಕ್ರಿಟಿಕಾಲಿಟಿ ಅಂಟಿಸಿರ್ತಾರೆ. ಹೆಸರು ಬೇರೆ, 92ರ ಐಡಿಯಾ ಅದೇ.

ನನಗೆ ಬಹಳ ಇಷ್ಟವಾದ ಉದಾಹರಣೆ 2ಜಿಯ ಜಿಎಸ್‌ಎಮ್ಮದು. ಟವರ್ ಪ್ರಸಾರ ಮಾಡೋ ಸಿಸ್ಟಂ ಇನ್ಫರ್ಮೇಷನ್ 3ರಲ್ಲಿ ಕಂಟ್ರೋಲ್ ಚಾನೆಲ್ ವಿವರ ಇರೋ ಒಂದು ಬೈಟಿದೆ, ಅದರ ಎಂಟನೇ ಬಿಟ್ಟು ಮೊದಲಲ್ಲಿ ಸ್ಪೇರ್, ಯಾವಾಗಲೂ 0 ಕಳಿಸಬೇಕು, ಓದೋರು ಅದನ್ನ ನೋಡಬಾರದು. ರಿಲೀಸ್ 99 ಅನ್ನೋ ಹೊಸ ಸ್ಪೆಕ್ ಬಂದಾಗ ಫೋನಿಂದ ಹೋಗೋ ಮೆಸೇಜ್‌ಗಳ ಸೀಕ್ವೆನ್ಸ್ ನಂಬರನ್ನ ಒಂದು ಬಿಟ್ಟಿಂದ ಎರಡು ಬಿಟ್ಟಿಗೆ ಹಿಗ್ಗಿಸಬೇಕಿತ್ತು, ಅದು ಕೂರೋದು ಮೆಸೇಜ್ ಟೈಪ್ ಇರೋ ಬೈಟಲ್ಲೇ. ಹೊಸ ಫೋನು ಎರಡು ಬಿಟ್ ಬಳಸಿ ಹಳೇ ಎಂಎಸ್‌ಸಿಗೆ (ಮೊಬೈಲ್ ಎಕ್ಸ್‌ಚೇಂಜಿಗೆ) ಕಳಿಸಿದ್ರೆ ಅದಕ್ಕೆ ಇದ್ಯಾವ ಮೆಸೇಜು ಅಂತಲೇ ಅರ್ಥ ಆಗಲ್ಲ. ಅಂದ್ರೆ ಫೋನಿಗೆ ಬಾಯಿ ಬಿಡೋ ಮೊದಲೇ ಎದುರಿಗೆ ಯಾರಿದಾರೆ ಅಂತ ಗೊತ್ತಾಗಬೇಕು. ಆಗ ಆ ಸ್ಪೇರ್ ಬಿಟ್ಟನ್ನ ಎತ್ಕೊಂಡ್ರು: 0 ಅಂದ್ರೆ ಎಂಎಸ್‌ಸಿ ರಿಲೀಸ್ 98 ಅಥವಾ ಹಳೇದು, 1 ಅಂದ್ರೆ 99 ಅಥವಾ ಹೊಸದು. ಹಳೇ ನೆಟ್‌ವರ್ಕು ಮೊದಲಿಂದ ಕಳಿಸ್ತಿದ್ದದ್ದೇ 0, ತಾನು ಹಳೇದು ಅಂತ ಅದು ವರ್ಷಗಟ್ಟಲೆ ಹೇಳ್ತಾನೇ ಇತ್ತು, ಕೇಳೋರು ಈಗ ಹುಟ್ಟಿದ್ರು ಅಷ್ಟೆ. ಹಳೇ ಫೋನು ಆ ಬಿಟ್ ನೋಡೋದೇ ಇಲ್ಲ, ಮೊದಲಿನ ಹಾಗೆ ಒಂದೇ ಬಿಟ್ ಬಳಸುತ್ತೆ. ಹೊಸ ಬಿಟ್ಟಿಗೆ ಅರ್ಥ ಕೊಡೋವಾಗ ಸೊನ್ನೆಯ ಅರ್ಥ ಹಳೇ ವರ್ತನೆನೇ ಆಗಿರಬೇಕು ಅಂತ ನಾನು ಟೀಮಲ್ಲಿ ಹಠ ಹಿಡಿಯೋದು ಇದಕ್ಕೇ. ಸ್ಪೇರ್ ಬಿಟ್ಟು 0 ಇದೆಯಾ ಅಂತ ಚೆಕ್ ಮಾಡಿ ಇಲ್ಲ ಅಂದ್ರೆ ಮೆಸೇಜ್ ಎಸೆಯೋ ಕೋಡ್ ಬರೆಯೋ ಪುಣ್ಯಾತ್ಮರು ಈಗಲೂ ಇದಾರೆ, ಕೋಡ್ ರಿವ್ಯೂನಲ್ಲಿ ಸಿಕ್ಕಿದ್ರೆ ಬಿಡಬೇಡಿ.

ನಿಮ್ಮ ಸ್ಪೆಕ್ ಎಎಸ್‌ಎನ್.1 ಪಿಇಆರ್ (ಮೆಸೇಜನ್ನ ಬಿಟ್‌ಗಳಾಗಿ ಒತ್ತಿ ತುಂಬೋ ಪದ್ಧತಿ) ಆಗಿದ್ರೆ ಇನ್ನೂ ಹುಷಾರು, ಅಲ್ಲಿ ಫೀಲ್ಡ್ ಯಾವುದು ಅಂತ ಹೇಳೋ ಟ್ಯಾಗೇ ಇರಲ್ಲ, ಮೂರು ಚುಕ್ಕಿಯ ಎಕ್ಸ್‌ಟೆನ್ಷನ್ ಮಾರ್ಕರ್ ಮೊದಲೇ ಹಾಕಿರದಿದ್ರೆ ಒಂದು ಫೀಲ್ಡ್ ಸೇರಿಸಿದ್ರೂ ಅದರಾಚೆಗಿನ ಬಿಟ್ಟುಗಳೆಲ್ಲಾ ಜರುಗಿಬಿಡುತ್ತೆ.

ಇದಕ್ಕೆಲ್ಲಾ ಬೆಲೆ ಇಲ್ವಾ ಅಂತ ಕೇಳಬಹುದು. ಇದೆ, ದೊಡ್ಡದೇ ಇದೆ. ಎಲ್‌ಟಿಇ (4ಜಿ) ಫೋನು ತನಗೇನು ಬರುತ್ತೆ ಅಂತ ಹೇಳೋ ಕೇಪಬಿಲಿಟಿ ಮೆಸೇಜ್ ಒಂದ್ಸಲ ಡಿಕೋಡ್ ಮಾಡಿ ನೋಡಿ, ವಿ920 ಅನ್ನೋ ಸೇರ್ಪಡೆ, ಆಮೇಲೆ ವಿ940, ಅದರೊಳಗೆ ಇನ್ನೊಂದು, ಈರುಳ್ಳಿ ಸಿಪ್ಪೆ ಹಾಗೆ ಒಳಗೊಳಗೇ ಹೋಗುತ್ತೆ, ಯಾರೂ ಹಳೇದನ್ನ ತೆಗೆಯೋ ಹಾಗಿಲ್ಲ. ಅದಕ್ಕಿಂತ ಗಂಭೀರ ವಿಷಯ ಸೆಕ್ಯುರಿಟಿ. "ನನಗೆ ಹಳೇದು ಮಾತ್ರ ಬರುತ್ತೆ" ಅಂತ ನಡುವೆ ಕೂತ ಕಳ್ಳನೂ ಹೇಳಬಹುದಲ್ಲ. ಅದಕ್ಕೇ ಎಲ್‌ಟಿಇಯಲ್ಲಿ ಫೋನು ಹೇಳಿದ ಸೆಕ್ಯುರಿಟಿ ಸಾಮರ್ಥ್ಯಗಳನ್ನ ನೆಟ್‌ವರ್ಕು ಸೆಕ್ಯುರಿಟಿ ಮೋಡ್ ಕಮಾಂಡಲ್ಲಿ ಸಹಿ ಹಾಕಿ ವಾಪಸ್ ಹೇಳುತ್ತೆ, ತಾನು ಹೇಳಿದ್ದಕ್ಕೂ ಬಂದದ್ದಕ್ಕೂ ತಾಳೆ ಆಗದಿದ್ರೆ ಫೋನು ಒಪ್ಪಲ್ಲ. 2ಜಿಯಲ್ಲಿ ನೆಟ್‌ವರ್ಕು ಅಸಲಿಯೋ ನಕಲಿಯೋ ಅಂತ ಪರೀಕ್ಷೆ ಮಾಡೋ ಶಕ್ತಿನೇ ಫೋನಿಗಿಲ್ಲ, ಅದಕ್ಕೆ ಆಂಡ್ರಾಯ್ಡ್ 12ರಿಂದ 2ಜಿಯನ್ನ ಆಫ್ ಮಾಡೋ ಸ್ವಿಚ್ಚೇ ಕೊಡೋಕೆ ಶುರು ಮಾಡಿದ್ರು. ಸೆಕ್ಯುರಿಟಿ ವಿಷಯ ಬಂದಾಗ ಹಳೇದನ್ನ ಮುರೀಲೇಬೇಕು ಅಂತ ನಾನೇ ವಾದ ಮಾಡಿದೀನಿ, ಆದ್ರೆ ಮುರೀತಿದೀವಿ ಅಂತ ಗೊತ್ತಿದ್ದು, ಎಲ್ರಿಗೂ ತಾರೀಖು ಹೇಳಿ ಮುರೀಬೇಕು. ಆಪರೇಟರ್‌ಗಳು 3ಜಿ ನಿಲ್ಲಿಸೋವಾಗ ಹಾಗೇ ಮಾಡಿದ್ದು.

ಈಗ ನಿಮ್ಮ ಪ್ರಪೋಸಲ್‌ಗೆ ಬರೋಣ. ಮೊಬೈಲ್ ಸ್ಪೆಕ್ ಬರೆಯೋ ಸಂಸ್ಥೆ 3ಜಿಪಿಪಿಯಲ್ಲಿ ಸ್ಪೆಕ್ ತಿದ್ದೋಕೆ ಚೇಂಜ್ ರಿಕ್ವೆಸ್ಟ್ ಹಾಕೋವಾಗ, ಅದ್ರಲ್ಲೂ ರೇಡಿಯೋ ಸಿಗ್ನಲಿಂಗ್ ಕಡೆ, ಕವರ್ ಪೇಜಲ್ಲಿ ಎರಡು ವಾಕ್ಯ ಬರೀತಾರೆ: ಫೋನು ಈ ಬದಲಾವಣೆ ಅಳವಡಿಸಿ ನೆಟ್‌ವರ್ಕು ಅಳವಡಿಸದಿದ್ರೆ ಏನಾಗುತ್ತೆ, ನೆಟ್‌ವರ್ಕು ಅಳವಡಿಸಿ ಫೋನು ಅಳವಡಿಸದಿದ್ರೆ ಏನಾಗುತ್ತೆ. ಕಂಪ್ಯಾಟಿಬಲ್ ಹೌದೋ ಅಲ್ವೋ ಅನ್ನೋದಕ್ಕೆ ನಿಮ್ಮ ಉತ್ತರ ಆ ಎರಡು ವಾಕ್ಯದಲ್ಲಿದೆ. ನಿಮ್ಮದಕ್ಕೆ ಮೂರನೇದೂ ಬೇಕು: ಎರಡು ತುದಿ ಹೊಸದು, ನಡುವಿನದು ಹಳೇದು ಇದ್ರೆ? ಮೂರಕ್ಕೂ "ಕಾಲ್ ನಡೆಯುತ್ತೆ, ಹೊಸ ಫೀಚರ್ ಮಾತ್ರ ಸಿಗಲ್ಲ" ಅಂತ ಪ್ರಾಮಾಣಿಕವಾಗಿ ಬರೆಯೋಕೆ ಬಂದ್ರೆ ನಿಮ್ಮ ಸೀನಿಯರ್ ವಾಪಸ್ ಕಳಿಸಲ್ಲ. "ಕಾಲ್ ಫೇಲ್" ಅಂತ ಎಲ್ಲಾದ್ರೂ ಬಂದ್ರೆ ಡಿಸೈನ್ ಬದಲಾಯಿಸಿ.

ಫೀಲ್ಡನ್ನ ಆಪ್ಷನಲ್ ಮಾಡಿ, ಅದು ಬರದಿದ್ದಾಗ ಯಾವ ಬೆಲೆ ಅಂದ್ಕೋಬೇಕು ಅಂತ ಸ್ಪೆಕ್ಕಲ್ಲೇ ಬರೀರಿ, ಇದನ್ನ ಬಹಳ ಜನ ಮರೀತಾರೆ, ಆಮೇಲೆ ಒಂದೊಂದು ನೋಡು ಒಂದೊಂದು ಅಂದ್ಕೊಳ್ಳುತ್ತೆ. ನಿಮ್ಮ ವರ್ಷನ್ 1ರಲ್ಲಿ ಗೊತ್ತಿಲ್ಲದ ಫೀಲ್ಡ್ ಬಂದ್ರೆ ಏನು ಮಾಡಬೇಕು ಅಂತ ಬರೆದಿದಾರಾ ನೋಡಿ. ಬರೆದಿಲ್ಲ ಅಂದ್ರೆ ಈ ರಿವಿಷನಲ್ಲಿ ನಿಮ್ಮ ಫೀಲ್ಡಿಗಿಂತ ಮೊದಲು ಸೇರಬೇಕಾದ್ದು ಆ ನಿಯಮ, ದಾಟಿಸು ಅಥವಾ ಬಿಡು ಅನ್ನೋ ಸೂಚನೆ ಸಮೇತ. ಆಮೇಲೆ ಸಿಮ್ಯುಲೇಟರ್ ನಂಬ್ಕೊಂಡು ಕೂರಬೇಡಿ, ಅದನ್ನ ಬರೆದೋರೂ ಹೊಸ ಸ್ಪೆಕ್ ಓದೇ ಬರೆದಿರ್ತಾರೆ. ಫೀಲ್ಡಲ್ಲಿ ನಿಜವಾಗಿ ಓಡ್ತಿರೋ ಅತಿ ಹಳೇ ಬಿಲ್ಡ್ ಯಾವುದು ಅಂತ ಸಪೋರ್ಟ್ ಟೀಮನ್ನ ಕೇಳಿ ತಗೊಂಡು, ಲ್ಯಾಬಲ್ಲಿ ಅದನ್ನ ನಡುವೆ ಕೂರಿಸಿ, ಎರಡು ಹೊಸ ನೋಡುಗಳ ಮಧ್ಯೆ ಒಂದು ಕಾಲ್ ಮಾಡಿ, ಆ ಟ್ರೇಸನ್ನ ಪ್ರಪೋಸಲ್ ಜೊತೆಗೇ ಹಾಕಿ ಕಳಿಸಿ.